ಕಣ್ಣು ಮಂಜಾದರೆ ಸಂಬಳ ಕಡಿತವೇಕೆ?

ಮುಂಬಯಿಯ ನಮ್ಮ ಅನೇಕ ಹೋಟೆಲುಗಳ ಗಲ್ಲೆಯ ಮೇಲೆ ಈಗ ಬಿಲ್ಲು ಪುಸ್ತಕವಿಲ್ಲ, ಕಂಪ್ಯೂಟರಿದೆ. ಹೊಸ ಪರದೆಗಳಲ್ಲಿ ಚುಕ್ಕೆಗಳು ಒತ್ತೊತ್ತಾಗಿರುವುದರಿಂದ ಅಕ್ಷರ ಸ್ಪಷ್ಟ, ಆದರೆ ಸಾಸಿವೆಯಷ್ಟು ಸಣ್ಣದು. ನಲವತ್ತು ದಾಟಿದ ನಮ್ಮವರಿಗೆ 3 ಯಾವುದು, 8 ಯಾವುದು ತಿಳಿಯದು. ಲೆಕ್ಕ ತಪ್ಪಿದರೆ ಹಣ ಸಂಬಳದಿಂದ ಮುರಿಯುತ್ತಾರೆ. ಇದು ನ್ಯಾಯವೇ?

ಚಾಳೀಸು ಕೈಯಲ್ಲಿ ಹಿಡಿದ ಪತ್ರಿಕೆ ಓದುವುದಕ್ಕೆ. ಪರದೆ ಇರುವುದು ತೋಳುದ್ದ ದೂರದಲ್ಲಿ. ಆ ದೂರವನ್ನು ಹೇಳಿಯೇ ಕನ್ನಡಕ ಮಾಡಿಸಬೇಕು. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಸ್ಕೇಲನ್ನು 100ರಿಂದ 150ಕ್ಕೆ ಏರಿಸಿದರೆ ಅಕ್ಷರ ಒಂದೂವರೆ ಪಟ್ಟಾಗುತ್ತದೆ. ರೆಸಲ್ಯೂಶನ್ ಇಳಿಸಬಾರದು, ಅಕ್ಷರ ಮಸುಕಾಗುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ.

ಸಂಬಳಕ್ಕೆ ಕೈಹಾಕುವ ಮೊದಲು ಮಾಲೀಕರು ಅಕ್ಷರ ದೊಡ್ಡದು ಮಾಡಿಸಲಿ. ಬಂಧುಗಳೇ, ಕಣ್ಣು ಕಾಣದೆಂದು ಹೇಳಲು ನಾವೂ ನಾಚುವುದು ಬೇಡ.