ಇಂಫಾಲದ ಪಾಠದಲ್ಲಿ ಬಿಟ್ಟುಹೋದ ಹೆಸರುಗಳು

ನೇತಾಜಿಯವರ ಪಾಠ ಬಂದಾಗ ನಾವು ‘ಚಲೋ ದಿಲ್ಲಿ’ ಹೇಳಿಸಿ ಮುಂದೆ ಹೋಗುತ್ತೇವೆ. 1944ರ ಇಂಫಾಲ ದಾಳಿಯ ಜಪಾನೀ ಸೇನಾಪತಿ ರೆನ್ಯಾ ಮುತಾಗುಚಿಯ ಕಥೆಯನ್ನೂ ಮಕ್ಕಳಿಗೆ ಹೇಳಬೇಕೆಂಬುದು ನಮ್ಮ ಅನಿಸಿಕೆ.

1937ರಲ್ಲಿ ಬೀಜಿಂಗ್ ಬಳಿಯ ಮಾರ್ಕೊ ಪೋಲೊ ಸೇತುವೆಯ ಕಾಳಗ, 1942ರಲ್ಲಿ ಸಿಂಗಾಪುರ, ಮರುವರ್ಷ ಬರ್ಮಾದಲ್ಲಿ 15ನೇ ಸೇನೆಯ ಮುಖ್ಯಸ್ಥ. ಈ ಬೆಟ್ಟಗಳನ್ನು ದಾಟಿ ದಾಳಿ ಮಾಡುವುದು ಆಗದ ಮಾತು ಎಂದು ಮೊದಲು ಹೇಳಿದ್ದವನೂ ಅವನೇ! ಆಮೇಲೆ ಹಟ ಹಿಡಿದ. ಸೈನಿಕರ ಬೆನ್ನಿಗೆ ಸುಮಾರು ಮೂರು ವಾರದ ಆಹಾರ. ಅದು ಮುಗಿದರೆ ತಿನ್ನಲೆಂದು ಜೊತೆಗೆ ದನಗಳು. ಚಿಂದ್ವಿನ್ ನದಿ ದಾಟುವಾಗಲೇ ಎಷ್ಟೋ ದನ ಮುಳುಗಿದವು. (ದನ ಸಾಕುವ ಮನೆಯ ನಮ್ಮ ಹುಡುಗರನ್ನು ಕೇಳಿದ್ದರೆ ಹೇಳುತ್ತಿದ್ದರು.)

ಕೊಹಿಮಾದಲ್ಲಿದ್ದ ಡಿವಿಜನ್ ಮುಖ್ಯಸ್ಥ ಕೊತೊಕು ಸಾಟೊ, ಅಕ್ಕಿಯೂ ಮದ್ದುಗುಂಡೂ ಬಾರದಿದ್ದಾಗ ಆಜ್ಞೆ ಮೀರಿ ತನ್ನವರನ್ನು ಹಿಂದಕ್ಕೆ ಕರೆತಂದ. ಅವನನ್ನು ತೆಗೆದುಹಾಕಿದರು. ವಿಚಾರಣೆಯಾಗಲಿ, ಎಲ್ಲವನ್ನೂ ಹೇಳುತ್ತೇನೆ ಎಂದರೆ ತಲೆ ಕೆಟ್ಟಿದೆ ಎಂದು ಷರಾ ಬರೆದರು. ‘ಹೇಳಿದಷ್ಟು ಕೇಳು’ ಎಂದು ದಿನಾ ಗದರುವ ನಮಗೆ ಇದನ್ನು ಕಲಿಸಲು ಸ್ವಲ್ಪ ಮುಜುಗರವೇ. ಆದರೂ ಕಲಿಸೋಣ.

ಸುಮಾರು 30,000 ಜಪಾನೀಯರು ಸತ್ತರು, ಹೆಚ್ಚಿನವರು ಹಸಿವು, ಕಾಯಿಲೆಗಳಿಂದ. ಮುತಾಗುಚಿ ಮಾತ್ರ 1966ರವರೆಗೆ ಬದುಕಿದ. ಕೊನೆಯ ವರ್ಷಗಳಲ್ಲಿ ತನ್ನ ತಪ್ಪಿಲ್ಲವೆಂದೇ ವಾದಿಸುತ್ತಿದ್ದ.