ಗುರುವಿನ ಬೆನ್ನಿಗೂ ಆಸರೆ ಬೇಕು

ಬೆನ್ನುನೋವು, ಕತ್ತುನೋವು, ಮೊಣಕಾಲುನೋವುಗಳನ್ನು ಶಿಕ್ಷಕ ವೃತ್ತಿಗೆ ಅಂಟಿಬಂದವೆಂದು ನಾವು ಒಪ್ಪಿಕೊಂಡಿದ್ದೇವೆ. ಇದು ಸರಿಯಲ್ಲ. ಗಂಟೆಗಟ್ಟಲೆ ನಿಂತೇ ಪಾಠ ಹೇಳಿದರೆ ಕಾಲು, ಸೊಂಟಗಳ ಸ್ನಾಯುಗಳಿಗೆ ಬಿಡುವು ದೊರೆಯದು. ಕೈಯನ್ನು ಭುಜಕ್ಕಿಂತ ಮೇಲೆತ್ತಿ ಹಲಗೆಯ ಮೇಲೆ ಬರೆಯುತ್ತಿದ್ದರೆ ಭುಜದ ಕೀಲಿಗೆ ಒತ್ತಡ ಬೀಳುತ್ತದೆ. ತಲೆ ಬಗ್ಗಿಸಿ ಉತ್ತರಪತ್ರಿಕೆ ತಿದ್ದುವಾಗ ತಲೆಯ ಭಾರವನ್ನೆಲ್ಲ ಕತ್ತಿನ ಹಿಂಬದಿಯ ಸ್ನಾಯುಗಳೇ ಹೊರಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಶಿಕ್ಷಕರು ಮಕ್ಕಳೊಡನೆ ನೆಲದ ಮೇಲೆ ಕೂರುತ್ತಾರೆ. ಮಕ್ಕಳಿಗೆ ಹಿತವಾದ ಆ ಕ್ರಮವು ಐವತ್ತು ದಾಟಿದವರ ಮೊಣಕಾಲಿಗೆ ಕಠಿಣವಾದುದು.

ಆದರೂ ಕುಳಿತು ಪಾಠ ಹೇಳುವವರನ್ನು ಸೋಮಾರಿಗಳೆಂದು ಕಾಣುವ ರೂಢಿ ನಮ್ಮಲ್ಲಿದೆ. ಕಾಯಕವೆಂದರೆ ಕಾಯವನ್ನು ನೋಯಿಸುವುದಲ್ಲ. ಶರಣರು ದೇಹವನ್ನು ದೇಗುಲವೆಂದು ಕಂಡವರು; ಆ ದೇಗುಲವನ್ನು ಶಿಥಿಲಗೊಳಿಸುವ ದುಡಿಮೆ ಅವರಿಗೆ ಒಪ್ಪಿಗೆಯಾದೀತೆ?

ಶಿಕ್ಷಕರು ನಡುನಡುವೆ ಸಂಕೋಚವಿಲ್ಲದೆ ಕುಳಿತುಕೊಳ್ಳಲಿ. ಹಲಗೆಯ ಮೇಲೆ ಭುಜದ ಮಟ್ಟದಲ್ಲಿ ಬರೆಯಲಿ. ಪುಸ್ತಕಗಳನ್ನು ಎತ್ತರದಲ್ಲಿಟ್ಟು ತಿದ್ದಲಿ. ನೋವಿನೊಡನೆ ಕಾಲಿನಲ್ಲಿ ಜೋಮು, ಬಲಹೀನತೆ ಕಂಡರೆ ತಡಮಾಡದೆ ವೈದ್ಯರನ್ನು ಕಾಣಲಿ. ಆದರೆ ಕುರ್ಚಿಯೇ ಇಲ್ಲದ ಕೋಣೆಯಲ್ಲಿ ಕುಳಿತುಕೊಳ್ಳಿರೆಂಬ ಉಪದೇಶ ವ್ಯರ್ಥ. ಶಾಲೆಗಳನ್ನು ನಡೆಸುವ ಮಠಗಳು ಪ್ರತಿ ತರಗತಿಗೂ ಬೆನ್ನಿಗೆ ಆಸರೆಯುಳ್ಳ ಕುರ್ಚಿಯೊಂದನ್ನು ಒದಗಿಸಬೇಕು. ಶಾಲೆಗೆ ದಾಸೋಹ ಸಲ್ಲಿಸುವ ಸದ್ಭಕ್ತರು ಈ ವರ್ಷ ಅದನ್ನೂ ನೆನೆಯಲಿ.