ಹೊಸ ಕಥೆಗಾರನಿಗೆ ಬಂದ ಕಾಗದ

ಕಥೆ ಬರೆಯತೊಡಗಿದವರಿಗೆ ದೊಡ್ಡ ಶತ್ರು ಯಾವುದು? ಪ್ರತಿಭೆಯ ಕೊರತೆಯೆಂದು ಹಲವರು ಹೇಳುವರು. ಆದರೆ ಅವಸರವು ಅದಕ್ಕಿಂತ ಸಣ್ಣ ಶತ್ರುವೇನಲ್ಲ. ಬರೆದು ಮುಗಿಸಿದ ಕಥೆಯನ್ನು ಬೆಳಗಾಗುವುದರೊಳಗೆ ಸಂಪಾದಕರಿಗೆ ಮುಟ್ಟಿಸಿಬಿಡಬೇಕೆಂಬ ತವಕ ಎಂತಹ ಪ್ರತಿಭಾವಂತರನ್ನೂ ಬಿಡುವುದಿಲ್ಲ. ರಷ್ಯದ ಆಂತೋನ್ ಚೆಕಾವ್‌ನನ್ನೂ ಅದು ಬಿಡಲಿಲ್ಲ.

ತಗನ್‌ರೋಗ್ ಪಟ್ಟಣದಲ್ಲಿ ಚೆಕಾವ್‌ನ ತಂದೆ ನಡೆಸುತ್ತಿದ್ದ ಅಂಗಡಿ 1876ರಲ್ಲಿ ದಿವಾಳಿಯೆದ್ದಿತು. ಸಾಲಗಾರರ ಕಾಟಕ್ಕೆ ಅಂಜಿ ಸಂಸಾರವು ಮಾಸ್ಕೋ ಸೇರಿತು. 1879ರಲ್ಲಿ ವೈದ್ಯವಿದ್ಯಾರ್ಥಿಯಾಗಿ ಅಲ್ಲಿಗೆ ಬಂದ ಚೆಕಾವ್ ಮರುವರ್ಷವೇ ಹಾಸ್ಯಪತ್ರಿಕೆಗಳಿಗೆ ಬರೆಯತೊಡಗಿದನು. ಮನೆಯ ಹೊರೆ ಬಹುಪಾಲು ಅವನ ಲೇಖನಿಯ ಮೇಲೆಯೇ ಬಿದ್ದಿತು. ಒಂದು ವಾರಪತ್ರಿಕೆಯವರು ಸಾಲಿಗೆ 8 ಕೊಪೆಕ್ ಕೊಡುತ್ತಿದ್ದರು; ಕಥೆ ಸುಮಾರು 100 ಸಾಲನ್ನು ಮೀರುವಂತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮಗುವಿನ ಅಳು, ಇನ್ನೊಂದು ಕೋಣೆಯಲ್ಲಿ ತಾಯಿಗೆ ಗಟ್ಟಿಯಾಗಿ ಪುಸ್ತಕ ಓದಿ ಹೇಳುತ್ತಿದ್ದ ತಂದೆ; ಇವುಗಳ ನಡುವೆ ಬರೆಯಬೇಕಾಗಿದೆಯೆಂದು 1883ರಲ್ಲಿ ಸಂಪಾದಕನೊಡನೆ ಅವನು ತೋಡಿಕೊಂಡಿದ್ದಾನೆ.

1886ರ ಮಾರ್ಚ್‌ನಲ್ಲಿ ಹಿರಿಯ ಕಾದಂಬರಿಕಾರ ಗ್ರಿಗರೋವಿಚ್ ಅವರಿಂದ ಅವನಿಗೊಂದು ಕಾಗದ ಬಂದಿತು. ನಿನ್ನಲ್ಲಿ ನಿಜವಾದ ಶಕ್ತಿಯಿದೆ, ಅವಸರದ ಬರವಣಿಗೆ ಬಿಡು, ಬೇಕಾದರೆ ಹಸಿದುಕೊಂಡಿರು, ಕಂಡುದನ್ನು ಪಕ್ವವಾದ ಕೃತಿಗಾಗಿ ಕೂಡಿಡು ಎಂಬುದು ಅದರ ತಾತ್ಪರ್ಯ. ಹಿರಿಯರು ಹಸಿವಿನ ಮಾತನ್ನು ಸುಲಭವಾಗಿ ಹೇಳಿಬಿಟ್ಟರು. ಚೆಕಾವ್‌ನ ಮನೆಯಲ್ಲಿ ಉಣ್ಣುವ ಬಾಯಿಗಳೆಷ್ಟೆಂದು ಅವರು ಎಣಿಸಿರಲಿಲ್ಲ! ಆದರೂ ಆ ಕಾಗದ ಇಪ್ಪತ್ತಾರು ವರ್ಷದ ವೈದ್ಯನನ್ನು ಅಲುಗಿಸಿಬಿಟ್ಟಿತು. ಒಂದು ದಿನಕ್ಕಿಂತ ಹೆಚ್ಚು ಕಾಲ ದುಡಿದು ಬರೆದ ಕಥೆ ಒಂದೂ ನೆನಪಿಗೆ ಬಾರದೆಂದು ಅವನು ಮರುಟಪಾಲಿನಲ್ಲಿ ಒಪ್ಪಿಕೊಂಡನು. ಹಿರಿಯರು ಮೆಚ್ಚಿದ್ದ 'ಬೇಟೆಗಾರ'ನನ್ನು ಬರೆದುದು ಸ್ನಾನಗೃಹದಲ್ಲಂತೆ!

ಹಾಗೆಂದು ಆ ಅವಸರದ ವರ್ಷಗಳು ವ್ಯರ್ಥವಾದುವೆನ್ನಲಾಗದು. ನೂರು ಸಾಲಿನ ಕಟ್ಟಳೆ ಕಠಿನವಾದ ಗುರುವಿನಂತಿತ್ತು. ನಾಯಕನ ವಂಶಾವಳಿಗಾಗಲಿ ಸೂರ್ಯೋದಯದ ವರ್ಣನೆಗಾಗಲಿ ಅಲ್ಲಿ ಸ್ಥಳವೆಲ್ಲಿ? ಅದೇ 1886ರ ಮೇ ತಿಂಗಳಲ್ಲಿ, ತಾನೂ ಕಥೆ ಬರೆಯುತ್ತಿದ್ದ ಅಣ್ಣ ಅಲೆಕ್ಸಾಂದರ್‌ಗೆ ಚೆಕಾವ್ ಬರೆದ ಕಾಗದದಲ್ಲಿ ಆ ಪಾಠದ ಫಲ ಕಾಣುತ್ತದೆ. ಬೆಳುದಿಂಗಳ ರಾತ್ರಿಯನ್ನು ತೋರಿಸಲು ಚಂದ್ರನನ್ನು ಹೊಗಳಬೇಕಾಗಿಲ್ಲ. ಗಿರಣಿಯ ಕಟ್ಟೆಯ ಮೇಲೆ ಒಡೆದ ಸೀಸೆಯ ಚೂರು ಮಿನುಗಿದರೆ, ನಾಯಿಯದೋ ತೋಳನದೋ ಕರಿಯ ನೆರಳು ಉರುಳಿಹೋದರೆ, ಓದುಗನ ಕಣ್ಣಿಗೆ ಆ ರಾತ್ರಿ ಕಟ್ಟುತ್ತದೆ. ಹೊಸಬರ ಹಸ್ತಪ್ರತಿಗಳಲ್ಲಿ ಹುಣ್ಣಿಮೆ ಪುಟಗಟ್ಟಲೆ ಸುರಿಯುವುದುಂಟು. ಸೀಸೆಯ ಚೂರು ಮಾತ್ರ ಅಪರೂಪ.

ಕಥೆಯನ್ನು ಬರೆದ ಮೇಲೆ ಅದರ ಆರಂಭವನ್ನೂ ಅಂತ್ಯವನ್ನೂ ಹೊಡೆದುಹಾಕಬೇಕೆಂದು ಚೆಕಾವ್ ಹೇಳುತ್ತಿದ್ದನೆಂದು ಅವನ ಕಿರಿಯ ಸ್ನೇಹಿತ ಬುನಿನ್ ನೆನೆದಿದ್ದಾನೆ. ನಾವು ಕಥೆಗಾರರು ಹೆಚ್ಚಾಗಿ ಸುಳ್ಳಾಡುವುದು ಆ ಎರಡು ಕಡೆಗಳಲ್ಲಿಯೇ ಎಂಬುದು ಅವನು ಕೊಟ್ಟ ಕಾರಣ. ಬಲು ಶ್ರಮಪಟ್ಟು ಹೊಸೆದ ಮೊದಲ ವಾಕ್ಯವನ್ನು ಹೊಡೆದುಹಾಕಲು ಯಾರ ಕೈ ತಾನೇ ಏಳುತ್ತದೆ? ಅದಕ್ಕಾಗಿಯೇ ಹಸ್ತಪ್ರತಿ ಕೆಲವು ದಿನ ಪೆಟ್ಟಿಗೆಯಲ್ಲಿ ಮಲಗಬೇಕು. ಬರೆದವನಿಗೆ ತನ್ನ ಮಾತು ತುಸು ಪರಕೀಯವಾದಾಗಲೇ ಕೈಗೆ ಧೈರ್ಯ ಬರುವುದು.

ಚೆಕಾವ್ ವಾರಪತ್ರಿಕೆಗಳನ್ನು ಒಮ್ಮೆಲೇ ಬಿಡಲಿಲ್ಲ. ಬಿಡುವ ಸ್ಥಿತಿಯೂ ಇರಲಿಲ್ಲ. ಆದರೆ 1888ರ ಆರಂಭದಲ್ಲಿ ಒಂದು ಮಾಸಪತ್ರಿಕೆಗಾಗಿ, ಹುಲ್ಲುಗಾವಲಿನ ಬಯಲಿನಲ್ಲಿ ಪಯಣಿಸುವ ಒಬ್ಬ ಹುಡುಗನ ನೀಳ್ಗತೆಗೆ ಕುಳಿತನು. ಅದನ್ನು ಬರೆದು ಮುಗಿಸಲು ಅವನಿಗೆ ಸುಮಾರು ಒಂದು ತಿಂಗಳು ಹಿಡಿಯಿತು.